ಅಂಗವಿಕಲರ ಮಾಸಾಶನ: ಆದೇಶವಿಲ್ಲದೆ ನಡೆಯುವ ಕಡಿತ

ಅಂಗವಿಕಲ ವ್ಯಕ್ತಿಗಳಿಗೆ ಸರ್ಕಾರ ಕೊಡುವ ನೆರವು ಎರಡು ಬಗೆಯಲ್ಲಿ ಕಡಿಮೆಯಾಗುತ್ತದೆ. ದರ ಇಳಿಸುವ ಅಥವಾ ಅರ್ಹತೆಯ ನಿಯಮವನ್ನು ಬಿಗಿಗೊಳಿಸುವ ನಿರ್ಧಾರವನ್ನು ಸರ್ಕಾರ ಬಹಿರಂಗವಾಗಿ ಪ್ರಕಟಿಸುವುದು ಒಂದು ಬಗೆ. ದರವೂ ನಿಯಮವೂ ಕಾಗದದ ಮೇಲೆ ಇದ್ದಂತೆಯೇ ಇದ್ದು, ಬೆಲೆಯೇರಿಕೆ, ದಾಖಲೆಗಳ ತೊಡಕು ಮತ್ತು ಪರಿಶೀಲನೆಯ ಹೆಸರಿನ ತಡೆಗಳಿಂದ ಫಲಾನುಭವಿಯ ಕೈಗೆ ಸೇರುವ ಹಣ ಕರಗುತ್ತ ಹೋಗುವುದು ಇನ್ನೊಂದು ಬಗೆ. ಮೊದಲನೆಯದು ಶಾಸನಸಭೆಯಲ್ಲಿ ಚರ್ಚೆಗೆ ಬರುತ್ತದೆ, ವಿರೋಧ ಬಲವಾದರೆ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಲೂಬಹುದು. ಎರಡನೆಯದಕ್ಕೆ ಆದೇಶದ ಸಂಖ್ಯೆಯಿಲ್ಲ, ದಿನಾಂಕವಿಲ್ಲ, ಸಹಿ ಹಾಕಿದ ಅಧಿಕಾರಿಯಿಲ್ಲ. ಆದ್ದರಿಂದ ಅದನ್ನು ಪ್ರಶ್ನಿಸುವುದು ಹೇಗೆಂಬುದೇ ನೊಂದವರಿಗೆ ತಿಳಿಯುವುದಿಲ್ಲ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ದಾಂಡೇಲಿ, ಹಳಿಯಾಳ, ಜೊಯಿಡಾ ಮತ್ತು ಮುಂಡಗೋಡ ತಾಲೂಕುಗಳಂಥ ದೂರದ ಪ್ರದೇಶಗಳಲ್ಲಿ ಬಡ ಕುಟುಂಬಗಳನ್ನು ಕಾಡುವುದು ಮುಖ್ಯವಾಗಿ ಈ ಎರಡನೆಯ ಬಗೆಯ ಕಡಿತ.

ಮೊದಲ ಬಗೆಗೆ ಇತ್ತೀಚಿನ ಉದಾಹರಣೆ ಬ್ರಿಟನ್ನಿನದು. ಅಂಗವೈಕಲ್ಯದಿಂದ ದೈನಂದಿನ ಬದುಕಿಗೆ ತಗಲುವ ಹೆಚ್ಚುವರಿ ವೆಚ್ಚವನ್ನು ಭರಿಸಲು ಅಲ್ಲಿ 'ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್' ಎಂಬ ಭತ್ಯೆಯಿದೆ. 2025ರ ಮಾರ್ಚ್‌ನಲ್ಲಿ ಅಲ್ಲಿನ ಲೇಬರ್ ಸರ್ಕಾರ ಅದರ ಅರ್ಹತೆಯ ಅಂಕಗಳನ್ನು ಬಿಗಿಗೊಳಿಸುವ ಪ್ರಸ್ತಾವವನ್ನು ಪ್ರಕಟಿಸಿದಾಗ ಅಂಗವಿಕಲರ ಸಂಘಟನೆಗಳೂ ಆಡಳಿತ ಪಕ್ಷದ ಸಂಸದರೇ ಅನೇಕರೂ ಪ್ರತಿಭಟಿಸಿದರು; ಜುಲೈ 1ರಂದು ಮಸೂದೆ ಮತಕ್ಕೆ ಬಂದ ದಿನವೇ ಸರ್ಕಾರ ಆ ಭಾಗವನ್ನು ಕೈಬಿಡಬೇಕಾಯಿತು. ಕೆಲಸ ಮಾಡಲಾಗದಷ್ಟು ಅಸ್ವಸ್ಥರಾದವರಿಗೆ ಸಿಗುವ ಇನ್ನೊಂದು ಭತ್ಯೆಯಲ್ಲಿ ಹೊಸ ಅರ್ಜಿದಾರರ ಪಾಲಿನ ಕಡಿತ ಉಳಿದುಕೊಂಡಿತಾದರೂ, ಕಡಿತ ಎಷ್ಟು, ಯಾರಿಗೆ, ಎಂದಿನಿಂದ ಎಂಬುದನ್ನು ಅಲ್ಲಿನ ಪ್ರತಿಯೊಂದು ಕುಟುಂಬವೂ ಓದಿ ತಿಳಿದುಕೊಳ್ಳುವಂತಿತ್ತು. ಹಳಿಯಾಳದ ಹಳ್ಳಿಯೊಂದರಲ್ಲಿ ಮಾಸಾಶನ ನಿಂತುಹೋದ ಕುಟುಂಬಕ್ಕೆ ಈ ಮಟ್ಟದ ಸ್ಪಷ್ಟತೆಯೂ ಸುಲಭವಾಗಿ ಸಿಗುವುದಿಲ್ಲ.

ಭಾರತದಲ್ಲಿ ಈ ನೆರವಿನ ಮೂಲ ಸಂವಿಧಾನದಲ್ಲಿಯೇ ಇದೆ. ನಿರುದ್ಯೋಗ, ವೃದ್ಧಾಪ್ಯ, ಕಾಯಿಲೆ ಮತ್ತು ಅಂಗವೈಕಲ್ಯದ ಸಂದರ್ಭಗಳಲ್ಲಿ ಪ್ರಜೆಗೆ ಸಾರ್ವಜನಿಕ ನೆರವು ದೊರೆಯುವಂತೆ ರಾಜ್ಯವು ತನ್ನ ಆರ್ಥಿಕ ಶಕ್ತಿಯ ಮಿತಿಯೊಳಗೆ ವ್ಯವಸ್ಥೆ ಮಾಡಬೇಕೆಂದು 41ನೇ ವಿಧಿ ಹೇಳುತ್ತದೆ. ಇದು ರಾಜ್ಯನೀತಿಯ ನಿರ್ದೇಶಕ ತತ್ವಗಳಲ್ಲಿ ಒಂದಾದ್ದರಿಂದ ಇದರ ಆಧಾರದ ಮೇಲೆ ನೇರವಾಗಿ ನ್ಯಾಯಾಲಯದ ಮೆಟ್ಟಿಲೇರಲು ಬರುವುದಿಲ್ಲ. ಆದರೆ 2007ರ ಅಕ್ಟೋಬರ್ 1ರಂದು ಭಾರತವು ವಿಶ್ವಸಂಸ್ಥೆಯ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಒಡಂಬಡಿಕೆಯನ್ನು ಅನುಮೋದಿಸಿತು, ಅದಕ್ಕೆ ಅನುಗುಣವಾಗಿ ಸಂಸತ್ತು ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ನ್ನು ಅಂಗೀಕರಿಸಿತು. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ ಈ ಕಾನೂನು, 1995ರ ಕಾನೂನು ಗುರುತಿಸಿದ್ದ ಏಳು ಬಗೆಯ ವೈಕಲ್ಯಗಳ ಜಾಗದಲ್ಲಿ 21 ಬಗೆಗಳನ್ನು ಗುರುತಿಸಿತು. ಶೇ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವನ್ನು ಹೆಚ್ಚಿನ ಸೌಲಭ್ಯಗಳ ಮಾನದಂಡವಾಗಿ ಇರಿಸಿತು. ಈ ಕಾನೂನಿನ 24ನೇ ಪ್ರಕರಣವು ಸಾಮಾಜಿಕ ಭದ್ರತೆಗೆ ಮೀಸಲಾಗಿದ್ದು, ಇತರರಿಗಾಗಿ ಇರುವ ಇಂಥದೇ ಯೋಜನೆಗಳಲ್ಲಿ ಕೊಡುವ ಮೊತ್ತಕ್ಕಿಂತ ಅಂಗವಿಕಲರಿಗೆ ಕೊಡುವ ಮೊತ್ತ ಕನಿಷ್ಠ ಶೇ 25ರಷ್ಟು ಹೆಚ್ಚಾಗಿರಬೇಕೆಂದು ವಿಧಿಸುತ್ತದೆ.

ಕರ್ನಾಟಕದ ದರಗಳನ್ನು ಈ ಮಾತಿನ ಪಕ್ಕದಲ್ಲಿಟ್ಟು ನೋಡಬೇಕು. ರಾಜ್ಯದಲ್ಲಿ ಅಂಗವಿಕಲರ ಮಾಸಾಶನವನ್ನು, ಅಂದರೆ ಜನರು ಆಡುಮಾತಿನಲ್ಲಿ 'ಪಗಾರ' ಎನ್ನುವ ತಿಂಗಳ ಹಣವನ್ನು, ಕಂದಾಯ ಇಲಾಖೆಗೆ ಸೇರಿದ ಸಾಮಾಜಿಕ ಭದ್ರತೆ ಮತ್ತು ಪಿಂಚಣಿಗಳ ನಿರ್ದೇಶನಾಲಯ ನಿರ್ವಹಿಸುತ್ತದೆ. 2021ರಲ್ಲಿ ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾದಾಗ ಪ್ರಕಟಿಸಿದ ಪರಿಷ್ಕರಣೆಯಲ್ಲಿ ಶೇ 40ರಿಂದ ಶೇ 75ರವರೆಗಿನ ವೈಕಲ್ಯದ ಮಾಸಾಶನ 600 ರೂಪಾಯಿಯಿಂದ 800 ರೂಪಾಯಿಗೂ, 65 ವರ್ಷ ದಾಟಿದ ಹಿರಿಯರ ಸಂಧ್ಯಾ ಸುರಕ್ಷಾ ಮಾಸಾಶನ 1,000ದಿಂದ 1,200 ರೂಪಾಯಿಗೂ ಏರಿತು. ಶೇ 75 ಮೀರಿದ ವೈಕಲ್ಯಕ್ಕೆ 1,400 ರೂಪಾಯಿಯ ದರವಿದೆ. ತೀವ್ರ ಬೌದ್ಧಿಕ ವೈಕಲ್ಯವಿರುವವರ ದರ ಅದಕ್ಕಿಂತ ಹೆಚ್ಚು. ಸಂಧ್ಯಾ ಸುರಕ್ಷಾದ 1,200 ರೂಪಾಯಿಗೆ ಶೇ 25 ಸೇರಿಸಿದರೆ 1,500 ರೂಪಾಯಿಯಾಗುತ್ತದೆ. ಹಾಗಿರುವಾಗ 800 ರೂಪಾಯಿ ಆ ಮಟ್ಟದ ಅರ್ಧವನ್ನು ತುಸು ದಾಟುತ್ತದೆ, 1,400 ರೂಪಾಯಿಯೂ ಅದನ್ನು ಮುಟ್ಟುವುದಿಲ್ಲ. ಕಾನೂನು ಹೆಚ್ಚು ಕೊಡಬೇಕೆಂದು ಹೇಳಿದ ಕಡೆ ರಾಜ್ಯವು ಕಡಿಮೆ ಕೊಡುತ್ತಿರುವುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ಕೇಂದ್ರದ ಪಾಲು ಇದಕ್ಕಿಂತ ನಿರಾಶಾದಾಯಕ. 2009ರಲ್ಲಿ ಆರಂಭವಾದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿ ಯೋಜನೆಯಲ್ಲಿ, ಬಡತನ ರೇಖೆಗಿಂತ ಕೆಳಗಿರುವ ಮತ್ತು ಶೇ 80 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿರುವ 18ರಿಂದ 79 ವರ್ಷದವರಿಗಾಗಿ ಕೇಂದ್ರ ಸರ್ಕಾರ ತಿಂಗಳಿಗೆ 300 ರೂಪಾಯಿ ಕೊಡುತ್ತದೆ. 2012ರಲ್ಲಿ ನಿಗದಿಯಾದ ಈ ಮೊತ್ತವನ್ನು ಹೆಚ್ಚಿಸಬೇಕೆಂದು ಗ್ರಾಮೀಣಾಭಿವೃದ್ಧಿಗೆ ಸಂಬಂಧಿಸಿದ ಸಂಸದೀಯ ಸ್ಥಾಯಿ ಸಮಿತಿ ಮತ್ತೆ ಮತ್ತೆ ಶಿಫಾರಸು ಮಾಡಿದರೂ ಅದು ಕದಲಲಿಲ್ಲ. ಅಕ್ಕಿ, ಎಣ್ಣೆ, ಔಷಧ, ಬಸ್ಸಿನ ದರಗಳೆಲ್ಲ ಏರಿದ ಇಷ್ಟು ವರ್ಷಗಳಲ್ಲಿ ದರವನ್ನು ಹಾಗೆಯೇ ಬಿಡುವುದೆಂದರೆ ಪ್ರತಿವರ್ಷ ಅದರಲ್ಲಿ ಸ್ವಲ್ಪ ಸ್ವಲ್ಪ ಕಡಿತ ಮಾಡುವುದೆಂದೇ ಅರ್ಥ. ಆದೇಶವಿಲ್ಲದೆ ನಡೆಯುವ ಕಡಿತದ ಮೊದಲ ರೂಪ ಇದು.

ಎರಡನೆಯ ರೂಪ ದೂರ ಮತ್ತು ದಾಖಲೆಗಳಿಗೆ ಸಂಬಂಧಿಸಿದ್ದು. ಅದನ್ನು ಅರಿಯಲು ಈ ನಾಲ್ಕು ತಾಲೂಕುಗಳ ಭೂಗೋಳವನ್ನು ಗಮನಿಸಬೇಕಾಗುತ್ತದೆ. ಜೊಯಿಡಾ ವಿಸ್ತೀರ್ಣದಲ್ಲಿ ಜಿಲ್ಲೆಯ ಅತಿ ದೊಡ್ಡ ತಾಲೂಕು. ಹಳೆಯ ಕೇಂದ್ರವಾದ ಸೂಪಾ ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಮೇಲೆ ತಾಲೂಕು ಕೇಂದ್ರ ಜೊಯಿಡಾಕ್ಕೆ ಬಂತು. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೂ ಅಂಚಿನಲ್ಲೂ ಕುಣಬಿ ಸಮುದಾಯದ ಚಿಕ್ಕ ಚಿಕ್ಕ ಊರುಗಳು ಚದುರಿಕೊಂಡಿವೆ. ದಾಂಡೇಲಿಯು 1950ರ ದಶಕದಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆಯ ಸುತ್ತ ಬೆಳೆದ ಪಟ್ಟಣವಾಗಿದ್ದು, ಇತ್ತೀಚಿನ ವರ್ಷಗಳಲ್ಲಷ್ಟೇ ಹಳಿಯಾಳದಿಂದ ಬೇರ್ಪಟ್ಟು ತಾಲೂಕಾಯಿತು. ಹಳಿಯಾಳ ಮತ್ತು ಮುಂಡಗೋಡಗಳು ಬಯಲುಸೀಮೆಗೆ ತಾಗಿದ ಕೃಷಿ ತಾಲೂಕುಗಳು. ಸಿದ್ದಿ, ಗೌಳಿ, ಲಂಬಾಣಿ ಸಮುದಾಯಗಳ ಅನೇಕ ಕುಟುಂಬಗಳು ಇಲ್ಲಿ ಕೂಲಿಯನ್ನೂ ಸಣ್ಣ ಹಿಡುವಳಿಯನ್ನೂ ನಂಬಿಕೊಂಡಿವೆ. ಮನೆಯಲ್ಲಿ ಕೊಂಕಣಿ, ಮರಾಠಿ ಅಥವಾ ಉರ್ದು ಮಾತನಾಡುವವರೂ ಬಹಳವಿರುವ ಈ ಭಾಗದಲ್ಲಿ ಕಚೇರಿಯ ನೋಟಿಸನ್ನು ಯಾರಾದರೂ ಓದಿ ಹೇಳಬೇಕಾಗುವ ಮನೆಗಳೂ ಇವೆ.

ಜಿಲ್ಲಾ ಕೇಂದ್ರವಾದ ಕಾರವಾರವು ದಾಂಡೇಲಿ, ಹಳಿಯಾಳ ಮತ್ತು ಮುಂಡಗೋಡಗಳಿಂದ ರಸ್ತೆಯಲ್ಲಿ ನೂರು ಕಿಲೋಮೀಟರಿಗೂ ಹೆಚ್ಚು ದೂರ, ಅದೂ ಘಟ್ಟ ಇಳಿದು ಹೋಗಬೇಕಾದ ದಾರಿ. ಇಲ್ಲಿನ ಜನರಿಗೆ ಆಸ್ಪತ್ರೆಯೆಂದರೆ ಸಹಜವಾಗಿ ಹಿಂದೆ ಕಿಮ್ಸ್ ಎನಿಸಿದ್ದ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಅವೆರಡೂ ಇರುವುದು ಬೇರೆ ಜಿಲ್ಲೆಯಲ್ಲಿ. ಅಂಗವಿಕಲರಿಗೆ ಸಾರಿಗೆ ಸಂಸ್ಥೆ ವರ್ಷಕ್ಕೆ 660 ರೂಪಾಯಿಗೆ ಕೊಡುವ ರಿಯಾಯಿತಿ ಪಾಸು ವಾಸಸ್ಥಳದಿಂದ ನೂರು ಕಿಲೋಮೀಟರಿನ ವ್ಯಾಪ್ತಿಗೆ ಸೀಮಿತ. ಅಂಗವಿಕಲರಿಗಾಗಿಯೇ ಕೊಟ್ಟ ಪಾಸು ಈ ಮೂರು ತಾಲೂಕುಗಳವರನ್ನು ತಮ್ಮದೇ ಜಿಲ್ಲೆಯ ಕೇಂದ್ರದವರೆಗೆ ಕರೆದೊಯ್ಯಲಾರದು ಎಂಬುದೊಂದೇ ಸಂಗತಿ, ನಿಯಮಗಳನ್ನು ರಚಿಸುವಾಗ ಘಟ್ಟದ ಮೇಲಿನ ಈ ತಾಲೂಕುಗಳು ಯಾರ ಕಣ್ಣ ಮುಂದೆಯೂ ಇರಲಿಲ್ಲವೆಂಬುದನ್ನು ತೋರಿಸಲು ಸಾಕು.

ಮಾಸಾಶನಕ್ಕೆ ಮೊದಲು ಬೇಕಾಗುವುದು ವೈಕಲ್ಯದ ಪ್ರಮಾಣಪತ್ರ. 2021ರ ಜೂನ್ 1ರಿಂದ ಇದನ್ನು ಯುಡಿಐಡಿ ಎಂಬ ಕೇಂದ್ರ ಸರ್ಕಾರದ ಜಾಲತಾಣದ ಮೂಲಕವೇ ಕೊಡಬೇಕೆಂಬ ನಿಯಮ ಬಂದಿದೆ. ಯುಡಿಐಡಿ ಎಂದರೆ ದೇಶದ ಎಲ್ಲೆಡೆ ಮಾನ್ಯವಾಗುವ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ. ಕೈಕಾಲಿನ ಊನವನ್ನು ತಾಲೂಕು ಆಸ್ಪತ್ರೆಯ ತಪಾಸಣಾ ಶಿಬಿರದಲ್ಲಿ ಅಳೆಯಬಹುದಾದರೂ ಶ್ರವಣದೋಷಕ್ಕೆ ವಿಶೇಷ ಉಪಕರಣ, ಬೌದ್ಧಿಕ ವೈಕಲ್ಯಕ್ಕೆ ಮನೋವಿಜ್ಞಾನದ ತಜ್ಞರು, ಮಾನಸಿಕ ಕಾಯಿಲೆಗೆ ಮನೋವೈದ್ಯರು ಬೇಕು. ಇವರೆಲ್ಲ ತಾಲೂಕು ಮಟ್ಟದಲ್ಲಿ ದೊರೆಯುವುದು ಅಪರೂಪ. ಪ್ರಮಾಣಪತ್ರವು ತಾತ್ಕಾಲಿಕವಾಗಿದ್ದರೆ ಅವಧಿ ಮುಗಿದೊಡನೆ ಈ ಓಡಾಟವನ್ನು ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ. ಮರುತಪಾಸಣೆಯಲ್ಲಿ ಶೇ 76 ಇದ್ದ ವೈಕಲ್ಯ ಶೇ 74 ಎಂದು ದಾಖಲಾದರೆ ದೇಹದ ಸ್ಥಿತಿ ಎಷ್ಟೂ ಬದಲಾಗದಿದ್ದರೂ ಮಾಸಾಶನ 1,400ರಿಂದ 800 ರೂಪಾಯಿಗೆ ಇಳಿಯುತ್ತದೆ, ಶೇ 39 ಎಂದಾದರೆ ಪೂರ್ತಿ ನಿಲ್ಲುತ್ತದೆ. ಶೇಕಡಾವಾರು ಅಳತೆ ವೈದ್ಯಶಾಸ್ತ್ರದ ಅಂದಾಜು. ಅದರ ಒಂದೆರಡು ಅಂಕಗಳ ಮೇಲೆ ಒಂದು ಮನೆಯ ಊಟ ಮತ್ತು ಔಷಧಗಳು ನಿಂತಿರುವುದು ವ್ಯವಸ್ಥೆಯ ದೊಡ್ಡ ದೋಷ.

ಪ್ರಮಾಣಪತ್ರ ಸಿಕ್ಕ ಮೇಲೆ ಅರ್ಜಿಯು ನಾಡಕಚೇರಿಯಿಂದ ಗ್ರಾಮ ಆಡಳಿತ ಅಧಿಕಾರಿ, ಕಂದಾಯ ನಿರೀಕ್ಷಕ ಮತ್ತು ತಹಶೀಲ್ದಾರ್ ಕಚೇರಿಯ ಹಂತಗಳನ್ನು ದಾಟಿ ಮಂಜೂರಾತಿಗೆ ಬರುತ್ತದೆ. ಹಣ ಜಮೆಯಾಗಲು ಬ್ಯಾಂಕ್ ಅಥವಾ ಅಂಚೆ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಆಧಾರಿನಲ್ಲಿ, ಪಡಿತರ ಚೀಟಿಯಲ್ಲಿ ಮತ್ತು ಪ್ರಮಾಣಪತ್ರದಲ್ಲಿ ಹೆಸರು ಒಂದೇ ರೀತಿ ಇರಬೇಕು. ಹಿಂದೆ ಅಂಚೆಯಣ್ಣ ಮನಿ ಆರ್ಡರ್ ಹಣವನ್ನು ಮನೆಯ ಬಾಗಿಲಿಗೆ ತಂದು ಕೊಡುತ್ತಿದ್ದ. ಆ ಪದ್ಧತಿಯಲ್ಲಿ ಸೋರಿಕೆ, ವಿಳಂಬಗಳ ದೂರುಗಳಿದ್ದವು, ನೇರ ಜಮೆಯಿಂದ ಅವು ಕಡಿಮೆಯಾಗಿವೆ ಎಂಬುದನ್ನು ಒಪ್ಪಬೇಕು. ಆದರೆ ಮನೆಬಾಗಿಲಿನ ಸೇವೆ ನಿಂತಾಗ ಹಾಸಿಗೆ ಹಿಡಿದವರ, ಬೆರಳಚ್ಚು ಮೂಡದವರ, ಮೊಬೈಲ್ ಸಿಗ್ನಲ್ ಸಿಗದ ಊರಿನವರ ಪಾಲಿಗೆ ಏನು ಏರ್ಪಾಡು ಎಂಬ ಪ್ರಶ್ನೆಗೆ ಪೂರ್ಣ ಉತ್ತರ ಇನ್ನೂ ದೊರೆತಿಲ್ಲ.

ಈ ಓಡಾಟದ ವೆಚ್ಚವನ್ನು ಒಂದು ಸರಳ ಲೆಕ್ಕದಿಂದ ಕಾಣಬಹುದು. ಜೊಯಿಡಾ ತಾಲೂಕಿನ ಡಿಗ್ಗಿ ಅಥವಾ ಬಜಾರಕುಣಂಗದಂಥ ಒಳನಾಡಿನ ಊರಿನಿಂದ ನಡೆಯಲಾರದ ವ್ಯಕ್ತಿಯನ್ನು ತಾಲೂಕು ಕೇಂದ್ರಕ್ಕೆ ಕರೆತರಲು ಮನೆಯ ಇಬ್ಬರಾದರೂ ಜೊತೆಗೆ ಬರಬೇಕಾಗುತ್ತದೆ, ಆ ದಿನದ ಅವರ ಕೂಲಿ ತಪ್ಪುತ್ತದೆ. 2025-26ರಲ್ಲಿ ಉದ್ಯೋಗ ಖಾತ್ರಿ ಯೋಜನೆಯಡಿ ಕರ್ನಾಟಕಕ್ಕೆ ನಿಗದಿಯಾದ ದಿನಗೂಲಿ 370 ರೂಪಾಯಿ. ಇಬ್ಬರಿಗೆ 740 ರೂಪಾಯಿಯಾಯಿತು. ಬಸ್ಸು ಸಿಗದೆ ಬಾಡಿಗೆ ವಾಹನ ಹಿಡಿದರೆ ಅದರ ಖರ್ಚು ಬೇರೆ. ಸರ್ವರ್ ಇಲ್ಲವೆಂದೋ ಸಂಬಂಧಪಟ್ಟ ಸಿಬ್ಬಂದಿ ರಜೆಯಲ್ಲಿದ್ದಾರೆಂದೋ ಒಂದು ಸಲ ಬರಿಗೈಯಲ್ಲಿ ಮರಳಿದರೆ ಶೇ 75ರೊಳಗಿನ ವೈಕಲ್ಯದವರಿಗೆ ಸಿಗುವ 800 ರೂಪಾಯಿ, ಅಂದರೆ ಇಡೀ ತಿಂಗಳ ಮಾಸಾಶನ, ಆ ಒಂದು ದಿನದಲ್ಲಿಯೇ ಮುಗಿದಂತೆ. ಎರಡು ಮೂರು ಸಲ ಅಲೆದ ಕುಟುಂಬ ಕೊನೆಗೆ ಬೇಸತ್ತು ಸುಮ್ಮನಾದಾಗ ಅದು ಸರ್ಕಾರದ ಲೆಕ್ಕದಲ್ಲಿ ಉಳಿತಾಯವಾಗಿ ಕಾಣುತ್ತದೆ.

ಕಡಿತದ ಮೂರನೆಯ ರೂಪ ಅನರ್ಹರನ್ನು ಪತ್ತೆ ಮಾಡುವ ಪರಿಶೀಲನೆಯಿಂದ ಬರುತ್ತದೆ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಪಡಿತರ ಚೀಟಿಗಳ ಪರಿಷ್ಕರಣೆ ನಡೆದಾಗ ಅರ್ಹ ಬಡವರ ಚೀಟಿಗಳೂ ರದ್ದಾದ ದೂರುಗಳು ರಾಜ್ಯದ ಎಲ್ಲೆಡೆಯಿಂದ ಬಂದು, ಅವುಗಳನ್ನು ಮರಳಿ ಕೊಡುವಂತೆ ಸರ್ಕಾರವೇ ಸೂಚಿಸಬೇಕಾಯಿತು. 2025ರಲ್ಲಿ ಕಂದಾಯ ಇಲಾಖೆ ಸಾಮಾಜಿಕ ಭದ್ರತಾ ಪಿಂಚಣಿಗಳ ಅನರ್ಹ ಫಲಾನುಭವಿಗಳನ್ನು ಗುರುತಿಸುವ ಕೆಲಸಕ್ಕೆ ಕೈಹಾಕಿತು. ಅದರ ಮುಖ್ಯ ಗುರಿ ವೃದ್ಧಾಪ್ಯ ವೇತನವಾಗಿದ್ದರೂ ಒಂದೇ ಕಚೇರಿಯಿಂದ, ಒಂದೇ ಬಗೆಯ ದಾಖಲೆಗಳ ಮೇಲೆ ಹಣ ಪಡೆಯುವ ಅಂಗವಿಕಲರ ಮನೆಗಳಲ್ಲಿ ಅದು ಭಯ ಹುಟ್ಟಿಸುವುದು ಸಹಜ. ಅದೇ ವರ್ಷದ ಆರಂಭದಲ್ಲಿ ವಿಕಲಚೇತನರ ಕಲ್ಯಾಣಕ್ಕೆ ಮೀಸಲಿಟ್ಟ ಅನುದಾನದಲ್ಲಿ ಕಡಿತವಾಗಿದೆಯೆಂಬ ವಿಷಯ ರಾಜ್ಯಮಟ್ಟದಲ್ಲಿ ವಿವಾದಕ್ಕೆ ಬಂದದ್ದು ಈ ಭಯವನ್ನು ಇನ್ನಷ್ಟು ಬಲಗೊಳಿಸಿತು.

ಅರ್ಹತೆಯ ಅಳತೆಗೋಲೇ ಸರಿಯಿಲ್ಲದಿರುವಾಗ ಪರಿಶೀಲನೆ ಎಷ್ಟು ನಿಷ್ಠೆಯಿಂದ ನಡೆದರೂ ಅನ್ಯಾಯವನ್ನೇ ಉಂಟುಮಾಡುತ್ತದೆ. ಮಾಸಾಶನಕ್ಕೆ ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿ ಮೀರಬಾರದೆಂಬ ಮಿತಿ ಬಳಕೆಯಲ್ಲಿದೆ. ಇದು ಇಡೀ ಕುಟುಂಬಕ್ಕೆ ದಿನಕ್ಕೆ 88 ರೂಪಾಯಿಗೂ ಕಡಿಮೆ. ಕೇಂದ್ರದ ಉದ್ಯೋಗ ಖಾತ್ರಿ ಯೋಜನೆಯಲ್ಲಿ ಮನೆಯೊಂದು 2025-26ರ ದರವಾದ 370 ರೂಪಾಯಿಯಂತೆ ನೂರು ದಿನ ದುಡಿದರೆ 37,000 ರೂಪಾಯಿಯಾಗುತ್ತಿತ್ತು. ಅಂದರೆ ಒಂದು ಯೋಜನೆ ಕೊಡಮಾಡಿದ ಕೂಲಿಯನ್ನು ಪೂರ್ತಿ ದುಡಿದ ಬಡವ ಇನ್ನೊಂದು ಯೋಜನೆಯ ಕಣ್ಣಿನಲ್ಲಿ ಅನುಕೂಲಸ್ಥನಾಗುತ್ತಾನೆ. ಇಂಥ ಮಿತಿಯ ಮುಂದೆ ಪ್ರಾಮಾಣಿಕ ಕೂಲಿಕಾರನೂ ತನ್ನ ಆದಾಯವನ್ನು ಕಡಿಮೆ ತೋರಿಸಲೇಬೇಕಾಗುತ್ತದೆ. ಅನಂತರ ಅದೇ ಕಾರಣಕ್ಕೆ ಅವನನ್ನು ಸುಳ್ಳುಗಾರನೆಂದು ಪಟ್ಟಿಯಿಂದ ತೆಗೆಯುವುದು ನ್ಯಾಯವಲ್ಲ.

ಮಾಸಾಶನ ನಿಂತಾಗ ಪೆಟ್ಟು ಬೀಳುವುದು ಫಲಾನುಭವಿಯೊಬ್ಬರಿಗೇ ಅಲ್ಲ. ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿಗೆ ಎಳವೆಯಲ್ಲಿಯೇ ಆದ ಹಾನಿಯಿಂದ ಚಲನೆ ಕುಂಠಿತವಾಗುವ ಸ್ಥಿತಿಯಿರುವ ಮಗುವಿಗೆ ಊಟ ಮಾಡಿಸುವುದು, ಸ್ನಾನ, ಶೌಚ, ರಾತ್ರಿ ಮಗ್ಗುಲು ಬದಲಿಸುವುದು ಎಲ್ಲವನ್ನೂ ಮನೆಯವರೇ ಮಾಡಬೇಕು. ಹೆಚ್ಚಿನ ಮನೆಗಳಲ್ಲಿ ಇದು ತಾಯಿಯ ಪಾಲಿಗೆ, ತಾಯಿ ವಯಸ್ಸಾದ ಮೇಲೆ ಅಕ್ಕ ಅಥವಾ ತಂಗಿಯ ಪಾಲಿಗೆ ಬರುತ್ತದೆ. ಅವಳು ಗದ್ದೆಯ ಕೆಲಸಕ್ಕೆ ಹೋಗಲಾರಳು, ಸ್ವಸಹಾಯ ಸಂಘದ ಸಭೆಗೂ ಹೋಗಲಾರಳು. ಹಾಗಾಗಿ ಆ ಮನೆಯಲ್ಲಿ ವೈಕಲ್ಯವು ಒಬ್ಬರದಾದರೂ ದುಡಿಮೆಯಿಂದ ದೂರ ಉಳಿಯುವವರು ಇಬ್ಬರು. ಮಾಸಾಶನದ ಮೊತ್ತ ಚಿಕ್ಕದಾದರೂ ತಪ್ಪದೆ ಬರುತ್ತದೆಂಬ ನಂಬಿಕೆಯ ಮೇಲೆ ಅಂಗಡಿಯವನು ಸಾಮಾನು ಕಡ ಕೊಡುತ್ತಾನೆ, ಔಷಧದ ಅಂಗಡಿಯಲ್ಲಿ ಲೆಕ್ಕ ಬರೆದುಕೊಳ್ಳುತ್ತಾರೆ. ಮೂರು ತಿಂಗಳು ಹಣ ಬಾರದಿದ್ದರೆ ಮೊದಲು ಮುರಿಯುವುದು ಈ ವಿಶ್ವಾಸ. ಆಮೇಲೆ ಅಪಸ್ಮಾರದ ಮಾತ್ರೆ ತಪ್ಪುತ್ತದೆ, ಹುಬ್ಬಳ್ಳಿಯ ತಪಾಸಣೆ ಮುಂದಕ್ಕೆ ಹೋಗುತ್ತದೆ. ಮಾತ್ರೆ ತಪ್ಪಿ ಸೆಳವು ಮರುಕಳಿಸಿದರೆ ಆಸ್ಪತ್ರೆಗೆ ತೆರಬೇಕಾದ ಹಣ ಮಾಸಾಶನದಲ್ಲಿ ಉಳಿಸಿದ ಹಣಕ್ಕಿಂತ ಎಷ್ಟೋ ಪಾಲು ಹೆಚ್ಚು.

ಆರೈಕೆಯ ಈ ಭಾರವನ್ನು ಕಾನೂನು ಗುರುತಿಸದೆ ಇಲ್ಲ. ಹೆಚ್ಚಿನ ನೆರವು ಬೇಕಾದ ಅಂಗವಿಕಲರಿಗೆ ಆರೈಕೆದಾರರ ಭತ್ಯೆ ಕೊಡುವ ಯೋಜನೆಯನ್ನು 24ನೇ ಪ್ರಕರಣವೇ ಹೆಸರಿಸುತ್ತದೆ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವ ಯೋಜನೆಯನ್ನು ರಾಜ್ಯದ 2024-25ರ ಬಜೆಟ್ ಘೋಷಿಸಿತು. ಇದೇ ಉತ್ತರ ಕನ್ನಡ ಜಿಲ್ಲೆಯೂ ಸೇರಿದಂತೆ ಕರಾವಳಿ ಜಿಲ್ಲೆಗಳ ಎಂಡೋಸಲ್ಫಾನ್ ಪೀಡಿತರಿಗೆ, ಗೇರು ತೋಟಗಳಿಗೆ ಸಿಂಪಡಿಸಿದ ಕೀಟನಾಶಕದಿಂದ ಹಾನಿಗೊಂಡವರಿಗೆ, ಸರ್ಕಾರ ಗರಿಷ್ಠ 4,000 ರೂಪಾಯಿಯವರೆಗೆ ಮಾಸಾಶನ ಕೊಡುತ್ತದೆ. ಅದು ಅವರಿಗೆ ನ್ಯಾಯವಾಗಿ ಸಲ್ಲಬೇಕಾದದ್ದು, ದೀರ್ಘ ಹೋರಾಟದಿಂದ ದೊರೆತದ್ದು. ಸಂಪೂರ್ಣ ಆರೈಕೆ ಬೇಕಾದ ದೇಹವೊಂದನ್ನು ನೋಡಿಕೊಳ್ಳಲು ಹೆಚ್ಚು ಹಣ ಬೇಕೆಂಬುದನ್ನು ಸರ್ಕಾರ ಅಲ್ಲಿ ಒಪ್ಪಿಕೊಂಡಿದೆ. ವೈಕಲ್ಯದ ಕಾರಣ ಬೇರೆಯಾದ ಮಾತ್ರಕ್ಕೆ ಮುಂಡಗೋಡದ ಸಿದ್ದಿ ಕುಟುಂಬದ ಅಥವಾ ಜೊಯಿಡಾದ ಕುಣಬಿ ಕುಟುಂಬದ ಆರೈಕೆಯ ವೆಚ್ಚ ಕಡಿಮೆಯಾಗುವುದಿಲ್ಲ. ದಾಂಡೇಲಿಯ ಕಾರ್ಖಾನೆಯಲ್ಲಿ ಇಎಸ್ಐ ವಿಮೆಗೆ ಒಳಪಟ್ಟ ಕಾರ್ಮಿಕ ಕೆಲಸದಲ್ಲಿ ಗಾಯಗೊಂಡರೆ ಚೇತರಿಸಿಕೊಳ್ಳುವ ಅವಧಿಗೆ ಸರಾಸರಿ ಕೂಲಿಯ ಶೇ 90ರಷ್ಟು ಹಣ ದೊರೆಯುತ್ತದೆ. ವಿಮೆಯಿಲ್ಲದೆ ಮರ ಕಡಿಯುವಾಗ ಬೆನ್ನುಹುರಿ ಮುರಿದುಕೊಂಡ ಕೂಲಿಕಾರನಿಗೆ ಕೊನೆಗೆ ಉಳಿಯುವುದು ಈ ಮಾಸಾಶನವೊಂದೇ.

ಅನರ್ಹರು ಪಟ್ಟಿಯಲ್ಲಿದ್ದಾರೆಂಬ ಸರ್ಕಾರದ ಮಾತನ್ನು ಅಲ್ಲಗಳೆಯಬೇಕಾಗಿಲ್ಲ. ಸುಳ್ಳು ಪ್ರಮಾಣಪತ್ರಗಳಿವೆ, ಅವು ನಿಜವಾದ ಅಂಗವಿಕಲರ ಪಾಲನ್ನೇ ಕಸಿಯುತ್ತವೆ, ಅವುಗಳನ್ನು ತೆಗೆಯುವುದು ಸರ್ಕಾರದ ಹೊಣೆ. ಪ್ರಶ್ನೆಯಿರುವುದು ಅನುಮಾನದ ಹೊರೆಯನ್ನು ಯಾರು ಹೊರಬೇಕೆಂಬುದರಲ್ಲಿ. ಮೊದಲು ಹಣ ನಿಲ್ಲಿಸಿ, ಅರ್ಹತೆಯನ್ನು ಸಾಬೀತುಪಡಿಸುವಂತೆ ಹಾಸಿಗೆ ಹಿಡಿದವರನ್ನು ಕಚೇರಿಗೆ ಕರೆಸುವ ಕ್ರಮವು, ಬಾಧಿತನ ಮಾತು ಕೇಳದೆ ಅವನ ವಿರುದ್ಧ ತೀರ್ಮಾನಿಸಬಾರದೆಂಬ ಸಹಜ ನ್ಯಾಯದ ತತ್ವಕ್ಕೆ ವಿರುದ್ಧ. ಡಿಜಿಟಲ್ ವಿಧಾನದ ಗುರುತು ಪರಿಶೀಲನೆ ಅಂಗವಿಕಲರನ್ನು ಹೊರಗಿಡುವಂತಿರಬಾರದು, ಡಿಜಿಟಲ್ ಸೇವೆಗಳನ್ನು ತಲುಪುವ ಅವಕಾಶವು 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ಹೇಳಿದೆ. ಆ ತೀರ್ಪಿನ ಆಶಯ ನಾಡಕಚೇರಿಯ ಬೆರಳಚ್ಚು ಯಂತ್ರದವರೆಗೂ ಬರಬೇಕು.

ಇದಕ್ಕೆ ಬೇಕಾದ ಏರ್ಪಾಡುಗಳು ಬಹುಪಾಲು ಈಗಾಗಲೇ ಇವೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರಲ್ಲಿ ಹೆಚ್ಚಿನವರು ಸ್ವತಃ ಅಂಗವಿಕಲರು, ಅಲ್ಪ ಗೌರವಧನಕ್ಕೆ ದುಡಿಯುವವರು. ಪ್ರತಿ ಮನೆಯ ಪರಿಸ್ಥಿತಿಯನ್ನು ಬಲ್ಲ ಇವರು ಗ್ರಾಮ ಆಡಳಿತ ಅಧಿಕಾರಿಯೊಡನೆ ಮನೆಗೆ ಹೋಗಿ ನೋಡಿ ವರದಿ ಕೊಡುವವರೆಗೆ ಯಾರ ಮಾಸಾಶನವನ್ನೂ ತಡೆಹಿಡಿಯಬಾರದು. ತಡೆಯಬೇಕಾದರೆ ಕಾರಣವನ್ನೂ ಮೇಲ್ಮನವಿಯ ದಾರಿಯನ್ನೂ ಬರಹದಲ್ಲಿ ತಿಳಿಸಿ, ಬೇಕಾದಲ್ಲಿ ಕೊಂಕಣಿ, ಮರಾಠಿಯಲ್ಲಿ ಓದಿ ಹೇಳಬೇಕು. ತಜ್ಞರ ತಂಡ ನಿಗದಿತ ದಿನಗಳಂದು ನಾಲ್ಕೂ ತಾಲೂಕು ಆಸ್ಪತ್ರೆಗಳಿಗೆ ಬರುವಂತಾಗಬೇಕು, ವಾಸಿಯಾಗದ ವೈಕಲ್ಯಕ್ಕೆ ಶಾಶ್ವತ ಪ್ರಮಾಣಪತ್ರವನ್ನೇ ಕೊಡಬೇಕು. ಸ್ಥಳೀಯ ಸಂಸ್ಥೆಗಳು ಅಂಗವಿಕಲರಿಗಾಗಿ ಮೀಸಲಿಡಬೇಕಾದ ಶೇ 5ರ ಹಣದಲ್ಲಿ ಪ್ರಯಾಣದ ವೆಚ್ಚಕ್ಕೆ ಒಂದು ಭಾಗವನ್ನು ಪಂಚಾಯಿತಿಗಳು ಎತ್ತಿಡಬಹುದು. ರಾಜ್ಯ ಸರ್ಕಾರವು 32,000 ರೂಪಾಯಿಯ ಮಿತಿಯನ್ನು ಕೈಬಿಟ್ಟು ವಾಸ್ತವಕ್ಕೆ ಹತ್ತಿರದ ಮಿತಿಯನ್ನು ಇರಿಸಬೇಕು, ದರವನ್ನು ಪ್ರತಿವರ್ಷ ಬೆಲೆ ಸೂಚ್ಯಂಕಕ್ಕೆ ಅನುಗುಣವಾಗಿ ಏರಿಸಬೇಕು.

ಈ ನಾಲ್ಕು ತಾಲೂಕುಗಳಲ್ಲಿ ಮಾಸಾಶನ ನಿಂತಿರುವ ಕುಟುಂಬಗಳೂ ಒಂದು ವಿಷಯವನ್ನು ತಿಳಿದಿರಬೇಕು: ಕಾರಣವನ್ನು ಬರಹದಲ್ಲಿ ಕೇಳುವುದು ಅವರ ಹಕ್ಕು, ತಹಶೀಲ್ದಾರ್ ಕಚೇರಿಗೆ ಕೊಟ್ಟ ಮನವಿಗೆ ಸ್ವೀಕೃತಿ ಪಡೆದುಕೊಳ್ಳಬೇಕು, ಪಿಂಚಣಿ ಅದಾಲತ್ತಿನಲ್ಲಿ ಪ್ರಕರಣವನ್ನು ಎತ್ತಬೇಕು, ಅಲ್ಲಿಯೂ ಪರಿಹಾರ ಸಿಗದಿದ್ದರೆ 2016ರ ಅಧಿನಿಯಮದಡಿ ನೇಮಕವಾದ ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸಬಹುದು. ಓದುಬರಹ ಬಲ್ಲ ನೆರೆಹೊರೆಯವರು, ಶಿಕ್ಷಕರು, ಪಂಚಾಯಿತಿ ಸದಸ್ಯರು ಆ ಒಂದು ಅರ್ಜಿಯನ್ನು ಬರೆದುಕೊಟ್ಟರೆ ಅದೇ ದೊಡ್ಡ ಉಪಕಾರ. ಅಂಗವಿಕಲರ ಮಾಸಾಶನವು ದಾನವಲ್ಲ, ಕಾನೂನು ವಿಧಿಸಿದ ಬಾಕಿ. ಅದನ್ನು ಪೂರ್ತಿಯಾಗಿ, ಹೊತ್ತಿಗೆ ಸರಿಯಾಗಿ, ಮನೆಯ ಬಾಗಿಲಿಗೆ ತಲುಪಿಸುವುದು ಸರ್ಕಾರದ ಕರ್ತವ್ಯ.